ಹೇಳಲಾಗದ ನೋವು: ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಗಡಿಯಲ್ಲಿ ಬೌದ್ಧಿಕ ನ್ಯೂನತೆ ಇರುವವರ ಆರೋಗ್ಯ ಸೇವೆ

   ಈ ಮಾತನ್ನು ಬರಹಕ್ಕೆ ಇಳಿಸುವಾಗ ಪುನರುಕ್ತಿಗಳನ್ನು ತೆಗೆದಿದ್ದೇನೆ. ಮಾತಿನ ಧಾಟಿಯನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ಕೊನೆಯಲ್ಲಿ ನಡೆದ ಚರ್ಚೆಯನ್ನೂ ಸೇರಿಸಿದ್ದೇನೆ.

ನನ್ನ ಪ್ರಶ್ನೆ ಇಷ್ಟೇ. ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಭಾಗದಲ್ಲಿ ಮನೆಯೊಳಗೆ ಕನ್ನಡ ಆಡುವ ಒಂದು ಕುಟುಂಬದಲ್ಲಿ ಬೌದ್ಧಿಕ ನ್ಯೂನತೆ ಇರುವ ಮಗನೋ ಮಗಳೋ ಇದ್ದರೆ, ಅವರಿಗೆ ಸರಿಯಾದ ಚಿಕಿತ್ಸೆ ಸಿಗೋದು ಹೇಗೆ? ಎಲ್ಲಿ ತಪ್ಪುತ್ತದೆ? ಕಾನೂನು ಇದೆ, ಯೋಜನೆಗಳಿವೆ, ದವಾಖಾನೆಗಳೂ ಇವೆ. ಆದರೂ ಮನೆಯಿಂದ ವೈದ್ಯರವರೆಗಿನ ಸರಪಳಿಯಲ್ಲಿ ಒಂದೊಂದು ಕೊಂಡಿ ಕಳಚಿಕೊಳ್ಳುತ್ತದೆ. ಆ ಕೊಂಡಿಗಳನ್ನು ಒಂದೊಂದಾಗಿ ನೋಡೋಣ.

1. ಮೊದಲು ಹೆಸರಿನ ಗೊಂದಲ

ಬ್ರಿಟನ್ನಿನ ಬರಹಗಳಲ್ಲಿ 'ಲರ್ನಿಂಗ್ ಡಿಸೆಬಿಲಿಟಿ' ಅಂದರೆ ನಾವು ಬೌದ್ಧಿಕ ನ್ಯೂನತೆ, ಹಳೆಯ ಮಾತಿನಲ್ಲಿ ಬುದ್ಧಿಮಾಂದ್ಯ ಅನ್ನೋದು. ನಮ್ಮ ದೇಶದಲ್ಲಿ ಅದೇ ಮಾತನ್ನು ಓದುಬರಹ, ಲೆಕ್ಕ ಕಲಿಯುವಲ್ಲಿ ಮಾತ್ರ ತೊಡಕಿರುವ ಡಿಸ್ಲೆಕ್ಸಿಯಾದಂಥ ಸ್ಥಿತಿಗೆ ಬಳಸ್ತೀವಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಅನುಸೂಚಿಯಲ್ಲಿ 21 ಬಗೆಯ ವೈಕಲ್ಯಗಳಿವೆ. ಅದರಲ್ಲಿ ಈ ಎರಡೂ ಒಂದೇ ಶೀರ್ಷಿಕೆಯ ಕೆಳಗೆ ಬರುವುದರಿಂದ ಗೊಂದಲ ಇನ್ನೂ ಹೆಚ್ಚಿದೆ. ಇವತ್ತು ನಾನು ಮಾತಾಡೋದು ಬೌದ್ಧಿಕ ನ್ಯೂನತೆಯ ಬಗ್ಗೆ: ತಿಳಿಯುವ, ಯೋಚಿಸುವ ಶಕ್ತಿಯಲ್ಲೂ ದಿನನಿತ್ಯದ ಬದುಕಿನ ಕೌಶಲಗಳಲ್ಲೂ ಮಿತಿ ಇರುವ, ಬಾಲ್ಯದಲ್ಲೇ ಕಾಣಿಸಿಕೊಳ್ಳುವ ಸ್ಥಿತಿ.

ಇನ್ನೊಂದು ಗೊಂದಲ ಹೆಚ್ಚು ಅಪಾಯದ್ದು. ಹಳ್ಳಿಯಲ್ಲಿ ಬೌದ್ಧಿಕ ನ್ಯೂನತೆಗೂ ಮಾನಸಿಕ ಕಾಯಿಲೆಗೂ ಒಂದೇ ಮಾತು ಓಡುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ತನ್ನ ವ್ಯಾಖ್ಯೆಯಲ್ಲಿ ಬುದ್ಧಿಮಾಂದ್ಯವನ್ನು ಮಾನಸಿಕ ಕಾಯಿಲೆಯಿಂದ ಸ್ಪಷ್ಟವಾಗಿ ಹೊರಗಿಟ್ಟಿದೆ. ಇದು ವಾಸಿಯಾಗುವ ರೋಗವಲ್ಲ, ಒಂದು ಸ್ಥಿತಿ. ಆದರೆ "ಇದಕ್ಕ ಗುಳಿಗಿ ಇಲ್ಲ" ಅಂತ ಒಮ್ಮೆ ಕೇಳಿದ ಕುಟುಂಬ ಎಷ್ಟೋ ಸಲ ದವಾಖಾನೆಯ ದಾರಿಯನ್ನೇ ಬಿಟ್ಟುಬಿಡುತ್ತದೆ. ನ್ಯೂನತೆಗೆ ಗುಳಿಗೆ ಇಲ್ಲ, ನಿಜ. ನ್ಯೂನತೆಯ ಜೊತೆಗೆ ಬರುವ ಮೂರ್ಛೆಗೆ, ಥೈರಾಯ್ಡ್‌ಗೆ, ಕಿವಿಸೋರುವಿಕೆಗೆ, ಹಲ್ಲುನೋವಿಗೆ ಚಿಕಿತ್ಸೆ ಇದೆ. ಇವತ್ತಿನ ನನ್ನ ಮಾತೆಲ್ಲ ಈ ವ್ಯತ್ಯಾಸದ ಮೇಲೆ ನಿಂತಿದೆ.

2. ಗಡಿ ಯಾಕೆ ಲೆಕ್ಕಕ್ಕೆ ಬರುತ್ತದೆ

1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಗದ್ವಾಲ್ ಮತ್ತು ಆಲಂಪುರ ತಾಲ್ಲೂಕುಗಳು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲೇ ಇದ್ದವು. ರಾಯಚೂರು ಮೈಸೂರು ರಾಜ್ಯಕ್ಕೆ ಬಂತು, ಈ ಎರಡು ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಆಮೇಲೆ ಗದ್ವಾಲ್ ಬಹಳ ಕಾಲ ಮಹಬೂಬ್‌ನಗರ ಜಿಲ್ಲೆಯಲ್ಲಿತ್ತು. 2016ರ ಅಕ್ಟೋಬರ್‌ನಲ್ಲಿ ಜೋಗುಳಾಂಬ ಗದ್ವಾಲ್ ಜಿಲ್ಲೆಯೂ 2019ರ ಫೆಬ್ರವರಿಯಲ್ಲಿ ನಾರಾಯಣಪೇಟೆ ಜಿಲ್ಲೆಯೂ ಆದವು. ಮಕ್ತಲ್, ಮಾಗನೂರು, ಕೃಷ್ಣಾ ಈಗ ನಾರಾಯಣಪೇಟೆ ಜಿಲ್ಲೆಯ ಮಂಡಲಗಳು. ಈ ಸೀಮೆಯಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳೂ ಇವೆ.

ಜನ ಓಡಾಡೋದು ನಕಾಶೆ ನೋಡಿಕೊಂಡಲ್ಲ. ಹೆಣ್ಣು ಕೊಟ್ಟು ತರುವುದು, ಸಂತೆ, ದವಾಖಾನೆ ಎಲ್ಲ ರಾಯಚೂರು ಕಡೆಗೇ. ಗದ್ವಾಲ್‌ನಿಂದ ರಾಯಚೂರಿಗೆ ರೈಲು ಇದೆ. 2023ರ ಅಕ್ಟೋಬರ್ 1ರಂದು ಜಕ್ಲೇರ್–ಕೃಷ್ಣಾ ಹೊಸ ಮಾರ್ಗ ಲೋಕಾರ್ಪಣೆಯಾದ ಮೇಲೆ ಮಕ್ತಲ್ ಕಡೆಯವರಿಗೂ ರೈಲಿನ ದಾರಿ ಸಿಕ್ಕಿದೆ. ಹಾಗಾಗಿ ದೊಡ್ಡ ಕಾಯಿಲೆ ಅಂದರೆ ಎಷ್ಟೋ ಮನೆಯವರಿಗೆ ಮೊದಲು ನೆನಪಾಗೋದು ರಾಯಚೂರಿನ ರಿಮ್ಸ್. ಆದರೆ ರೇಷನ್ ಕಾರ್ಡು, ಪಿಂಚಣಿ, ಆರೋಗ್ಯಶ್ರೀ ಎಲ್ಲ ತೆಲಂಗಾಣದ್ದು. ಚೀಟಿ ಒಂದು ರಾಜ್ಯದಲ್ಲಿ, ಗುಳಿಗೆ ಇನ್ನೊಂದು ರಾಜ್ಯದಲ್ಲಿ. ಗಟ್ಟಿ ಆಳಾದರೆ ಇದು ಬರೀ ತ್ರಾಸು. ತನ್ನ ಕಥೆಯನ್ನು ತಾನೇ ಹೇಳಿಕೊಳ್ಳಲಾರದವನಿಗೆ ಇದು ಚಿಕಿತ್ಸೆಯನ್ನೇ ಕಡಿದುಹಾಕುತ್ತದೆ.

3. ಗುರುತಿಸುವುದು ಮತ್ತು ಸರ್ಟಿಫಿಕೇಟು

ಮೊದಲ ಕೊಂಡಿ ಮಗುವನ್ನು ಬೇಗ ಗುರುತಿಸೋದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುವ ಸಂಚಾರಿ ತಂಡಗಳಿವೆ. ಅವರು ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಬರ್ತಾರೆ. ಬೆಳವಣಿಗೆಯಲ್ಲಿ ಹಿಂದುಳಿದ ಮಗು ಕಂಡರೆ ಜಿಲ್ಲಾ ಮಟ್ಟದ ಶೀಘ್ರ ಮಧ್ಯಪ್ರವೇಶ ಕೇಂದ್ರಕ್ಕೆ ಕಳಿಸಬೇಕು. ತೆಲಂಗಾಣದಲ್ಲಿ ಮಂಡಲ ಮಟ್ಟದಲ್ಲಿ 'ಭವಿತ' ಕೇಂದ್ರಗಳಿವೆ. ವಿಶೇಷ ಅಗತ್ಯದ ಮಕ್ಕಳಿಗೆ ಅಲ್ಲಿ ಕಲಿಕೆ, ಫಿಜಿಯೋಥೆರಪಿ ಸಿಗಬೇಕು. ಅಂಗನವಾಡಿಗೂ ಶಾಲೆಗೂ ಕಳಿಸದೆ ಮನೆಯಲ್ಲೇ ಇಟ್ಟುಕೊಂಡ ಮಗು ಈ ಬಲೆಯಿಂದ ನುಸುಳಿಹೋಗುತ್ತದೆ. ಅಂಥ ಮಗು ಇರುವ ಮನೆ ಗೊತ್ತಿರೋದು ಆಶಾ ಕಾರ್ಯಕರ್ತೆಗೆ ಮಾತ್ರ.

ಎರಡನೆಯದು ಅಳತೆ. 2018ರ ಕೇಂದ್ರ ಮಾರ್ಗಸೂಚಿಯ ಪ್ರಕಾರ 1 ವರ್ಷ ತುಂಬಿದ ಮೇಲೆ ಸರ್ಟಿಫಿಕೇಟು ಕೊಡಬಹುದಿತ್ತು. 5 ವರ್ಷದವರೆಗೆ ಅದನ್ನು ಬೆಳವಣಿಗೆಯ ವಿಳಂಬ ಅಂತಲೇ ಬರೀಬೇಕಿತ್ತು. ಬೌದ್ಧಿಕ ನ್ಯೂನತೆ ಅಂತ ಬರೆಯೋದು ಆಮೇಲೆ. 5, 10, 18 ವರ್ಷಕ್ಕೆ ನವೀಕರಣ ಬೇಕಿತ್ತು. 18ಕ್ಕೆ ಕೊಟ್ಟದ್ದು ಜೀವಮಾನಕ್ಕೆ. ಸೌಲಭ್ಯಗಳಿಗೆ 40 ಪ್ರತಿಶತ ಅನ್ನೋದು ಮುಖ್ಯ ಗೆರೆ. ಆ ಮಾರ್ಗಸೂಚಿಯಲ್ಲಿ ಸೌಮ್ಯ ನ್ಯೂನತೆಗೂ 50 ಪ್ರತಿಶತ ಲೆಕ್ಕ ಇದ್ದದ್ದರಿಂದ ಅವರೂ ಗೆರೆ ದಾಟ್ತಿದ್ದರು. ಇದು ಎಷ್ಟೋ ಮನೆಗಳಿಗೆ ಗೊತ್ತಿಲ್ಲ. "ನಮ್ಮ ಹುಡ್ಗಿ ಅಷ್ಟೇನ್ ಮಂದ ಇಲ್ರಿ, ಆಕಿಗಿ ಎಲ್ಲಿ ಕೊಡ್ತಾರ" ಅಂತ ಅರ್ಜಿಯನ್ನೇ ಹಾಕಿರೋದಿಲ್ಲ.

ಅಳೆಯುವ ಸಾಧನಗಳಲ್ಲಿ ವೈನ್‌ಲ್ಯಾಂಡ್ ಸಾಮಾಜಿಕ ಪ್ರಬುದ್ಧತೆಯ ಮಾಪಕ ಮುಖ್ಯ. ಬುದ್ಧಿಶಕ್ತಿ ಅಳೆಯಲು ಬಿನೆ–ಕಾಮತ್ ಪರೀಕ್ಷೆಯನ್ನೂ ಬಳಸ್ತಾರೆ. ಕುತೂಹಲದ ಸಂಗತಿ ಅಂದರೆ, ವಿ. ವಿ. ಕಾಮತ್ ಅವರು ಆಗಿನ ಮುಂಬೈ ಪ್ರಾಂತ್ಯದಲ್ಲಿ ಈ ಪರೀಕ್ಷೆಯನ್ನು ಹೊಂದಿಸಿದ್ದು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ. ಅಂದರೆ ಮಗುವನ್ನು ಅದರ ಮನೆಮಾತಿನಲ್ಲೇ ಅಳೀಬೇಕು ಅನ್ನೋ ತಿಳಿವಳಿಕೆ ನಮ್ಮಲ್ಲಿ ಸುಮಾರು 90 ವರ್ಷ ಹಳೆಯದು.

ವೈನ್‌ಲ್ಯಾಂಡ್ ಮಾಪಕ ನಿಂತಿರೋದು ತಂದೆತಾಯಿಯ ಉತ್ತರದ ಮೇಲೆ. ಮಗು ತಾನೇ ಉಣ್ಣುತ್ತದಾ, ಗುಂಡಿ ಹಾಕಿಕೊಳ್ಳುತ್ತದಾ, ಅಂಗಡಿಗೆ ಹೋಗಿ ಬರುತ್ತದಾ ಅಂತ ಕೇಳ್ತಾರೆ. ಪ್ರಶ್ನೆ ತೆಲುಗಿನಲ್ಲಿ, ಉತ್ತರ ಕನ್ನಡದಲ್ಲಿ, ನಡುವೆ ಭಾಷಾಂತರ ಮಾಡುವವರು ಯಾರೂ ಇಲ್ಲ ಅಂದರೆ ತಾಯಿ 'ಹೂಂ' ಅಂದದ್ದು ಯಾವುದಕ್ಕೆ ಅನ್ನೋದೇ ತಿಳಿಯೋದಿಲ್ಲ. ಮಗುವಿಗೆ ನೇರವಾಗಿ ಕೇಳುವ ಪರೀಕ್ಷೆಯಲ್ಲಂತೂ ತೆಲುಗು ಬಾರದ್ದಕ್ಕೇ ಅಂಕ ಕಡಿಮೆಯಾಗಬಹುದು. ತಪ್ಪು ಎರಡೂ ಕಡೆ ಆಗುತ್ತದೆ: ನ್ಯೂನತೆ ಇಲ್ಲದ ಮಗುವಿಗೆ ಹಣೆಪಟ್ಟಿ ಬೀಳಬಹುದು, ಇರುವ ಮಗುವಿನ ತೀವ್ರತೆ ತಪ್ಪಾಗಿ ದಾಖಲಾಗಬಹುದು. ಕಿವಿಯ ಪರೀಕ್ಷೆ ಮಾಡದೆ ಬುದ್ಧಿಯನ್ನು ಅಳೆಯುವುದೂ ಇಂಥದ್ದೇ ತಪ್ಪು. ಕೇಳಿಸದ ಮಗು 'ಮಂದ' ಅನ್ನಿಸಿಕೊಂಡಿರೋದು ಉಂಟು.

ಎಲ್ಲಿ ಅರ್ಜಿ ಹಾಕೋದು? 2017ರ ನಿಯಮಗಳ ಪ್ರಕಾರ ವಾಸಿಸುವ ಜಿಲ್ಲೆಯ ವೈದ್ಯಕೀಯ ಪ್ರಾಧಿಕಾರದಲ್ಲಿ, ಇಲ್ಲವೇ ಆ ವೈಕಲ್ಯಕ್ಕೆ ಚಿಕಿತ್ಸೆ ಪಡೆಯುತ್ತಿರುವ ಸರ್ಕಾರಿ ಆಸ್ಪತ್ರೆಯಲ್ಲಿ. ಈ ಎರಡನೇ ದಾರಿ ಗಡಿಯವರಿಗೆ ಬಹಳ ಮುಖ್ಯ. ಕೇಂದ್ರದ ಯುಡಿಐಡಿ ಕಾರ್ಡು ದೇಶದಾದ್ಯಂತ ನಡೆಯುತ್ತದೆ. ತೆಲಂಗಾಣದಲ್ಲಿ ಬಹುಕಾಲ ಪಿಂಚಣಿಗೆ ಆಧಾರವಾಗಿದ್ದದ್ದು ರಾಜ್ಯದ 'ಸದರೆಮ್' ಸರ್ಟಿಫಿಕೇಟು. ಆಸರಾ ಯೋಜನೆಯಲ್ಲಿ ಅಂಗವಿಕಲರ ಪಿಂಚಣಿಯನ್ನು 2023ರಲ್ಲಿ 3,016ರಿಂದ 4,016 ರೂಪಾಯಿಗೆ ಏರಿಸಿದರು. ತಿಂಗಳ ಗುಳಿಗೆ, ಬಸ್ ಚಾರ್ಜು ಎರಡೂ ಎಷ್ಟೋ ಮನೆಗಳಲ್ಲಿ ಇದರಿಂದಲೇ ನಡೆಯಬೇಕು. ಹೀಗಾಗಿ ಸರ್ಟಿಫಿಕೇಟು ನಿಂತರೆ ಚಿಕಿತ್ಸೆಯೂ ನಿಲ್ಲುತ್ತದೆ.

4. ದವಾಖಾನೆಯ ಒಳಗೆ: ಹಣೆಪಟ್ಟಿಯ ನೆರಳು

ಸರ್ಟಿಫಿಕೇಟು ಸಿಕ್ಕಿತು ಅಂತಿಟ್ಟುಕೊಳ್ಳಿ. ಮುಂದಿನ ಕೊಂಡಿ ವೈದ್ಯರ ಕೋಣೆ. ಒಬ್ಬ ತಾಯಿ ನನಗೆ ಹೇಳಿದ್ದು: "ಹೊಟ್ಟಿ ನೋವಾದ್ರ ತಲಿ ಗ್ವಾಡಿಗಿ ಬಡ್ಕೊಂತಾನ್ರಿ. ಡಾಕ್ಟ್ರಿಗಿ ಹೇಳಿದ್ರ, ಅವ ಮೊದ್ಲಿಂದ ಹಂಗೇ ಅಲ್ಲೇನಮ್ಮ ಅಂತಾರ." ಈ ಎರಡು ವಾಕ್ಯದಲ್ಲಿ ಇಡೀ ಸಮಸ್ಯೆ ಇದೆ. ಕಾಯಿಲೆಯ ಲಕ್ಷಣವನ್ನು ನ್ಯೂನತೆಯ ಲಕ್ಷಣ ಅಂತ ಓದಿಬಿಡೋದು. ಸಂಶೋಧಕರು 1982ರಿಂದ ಇದನ್ನು 'ಡಯಾಗ್ನೋಸ್ಟಿಕ್ ಓವರ್‌ಶ್ಯಾಡೋಯಿಂಗ್' ಅಂತ ಕರೀತಾರೆ. ನಾನು ಹಣೆಪಟ್ಟಿಯ ನೆರಳು ಅಂತೀನಿ.

ಈ ನೆರಳಿನಲ್ಲಿ ಜೀವ ಹೋಗುತ್ತದೆ. ಇಂಗ್ಲೆಂಡಿನಲ್ಲಿ ಬೌದ್ಧಿಕ ನ್ಯೂನತೆ ಇದ್ದ 247 ಜನರ ಸಾವುಗಳನ್ನು ಪರಿಶೀಲಿಸಿದ ಒಂದು ಅಧಿಕೃತ ವಿಚಾರಣೆಯ ವರದಿ 2013ರಲ್ಲಿ ಬಂತು. ಸಾಮಾನ್ಯ ಜನರಿಗಿಂತ ಗಂಡಸರು 13 ವರ್ಷ, ಹೆಂಗಸರು 20 ವರ್ಷ ಮೊದಲೇ ತೀರಿಕೊಂಡಿದ್ದರು. ರೋಗ ಗುರುತಿಸಲು ತಡವಾದದ್ದು, ಆರೈಕೆ ಮಾಡುವವರ ಮಾತನ್ನು ಕಿವಿಗೆ ಹಾಕಿಕೊಳ್ಳದಿದ್ದದ್ದು ಅಲ್ಲಿ ಎದ್ದು ಕಂಡ ಕಾರಣಗಳು. ಉಚಿತ ಆರೋಗ್ಯ ಸೇವೆ ಇರುವ ದೇಶದ ಕಥೆ ಇದು. 2011ರ ಜನಗಣತಿಯಲ್ಲಿ ನಮ್ಮ ದೇಶದಲ್ಲಿ ಈ ನ್ಯೂನತೆ ಇರುವವರ ಸಂಖ್ಯೆ ಸುಮಾರು 15 ಲಕ್ಷ ಅಂತ ದಾಖಲಾಗಿದೆ. ಅವರ ಸಾವನ್ನು ಹೀಗೆ ಕೂತು ಓದುವ ವ್ಯವಸ್ಥೆ ನಮ್ಮಲ್ಲಿ ಆಗಬೇಕಿದೆ.

ಮುಖ್ಯವಾಗಿ ಏನನ್ನು ನೋಡಬೇಕು? ಮೂರ್ಛೆ ರೋಗ: ಬೌದ್ಧಿಕ ನ್ಯೂನತೆ ಇರುವವರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ಇರುತ್ತದೆ. ಗುಳಿಗೆ ತಪ್ಪಿದರೆ ಬಿಡದೆ ಫಿಟ್ಸ್ ಬಂದು ಪ್ರಾಣಾಪಾಯ ಆಗಬಹುದು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧ ಜನಕ್ಕೆ ಹುಟ್ಟಿನಿಂದಲೇ ಹೃದಯದ ದೋಷ ಇರುತ್ತದೆ. ಥೈರಾಯ್ಡ್, ಕಿವಿ, ಕಣ್ಣು ಅವರಿಗೆ ಆಗಾಗ ಪರೀಕ್ಷೆ ಆಗಬೇಕು. ಮಲಬದ್ಧತೆ ಅನ್ನೋದು ಸಣ್ಣ ಮಾತಲ್ಲ. ಹೇಳಲಾರದವರಲ್ಲಿ ಅದು ಕರುಳು ಕಟ್ಟುವವರೆಗೂ ಹೋಗುತ್ತದೆ. ಊಟದ ತುತ್ತು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗೋದು ಇನ್ನೊಂದು. ಹಲ್ಲು, ಒಸಡಿನ ನೋವು ಮತ್ತೊಂದು. ನಿನ್ನೆಯವರೆಗೆ ಸಮಾಧಾನವಾಗಿದ್ದವನು ಇವತ್ತು ಕಚ್ಚುತ್ತಾನೆ, ಉಣ್ಣುವುದಿಲ್ಲ, ನಿದ್ದೆ ಮಾಡುವುದಿಲ್ಲ ಅಂದರೆ ಮೊದಲು ನೋವು ಹುಡುಕಬೇಕು. ನಿದ್ದೆಗುಳಿಗೆ ಬರೆಯೋದು ಆಮೇಲೆ. ಬೌದ್ಧಿಕ ನ್ಯೂನತೆ ಇರುವವರಿಗೆ ಅಗತ್ಯ ಮೀರಿ ಮನೋರೋಗದ ಔಷಧ ಕೊಡುವುದನ್ನು ನಿಲ್ಲಿಸಲು ಇಂಗ್ಲೆಂಡಿನಲ್ಲಿ 2016ರಿಂದ ಅಭಿಯಾನವೇ ನಡೆದಿದೆ.

2016ರ ಕಾಯ್ದೆಯ 25ನೇ ಕಲಮು ಇಲ್ಲಿ ನೆರವಿಗೆ ಬರುತ್ತದೆ. ಅದರಲ್ಲಿ ಮೂರು ಮಾತಿವೆ: ಹತ್ತಿರದಲ್ಲೇ, ವಿಶೇಷವಾಗಿ ಹಳ್ಳಿಗಳಲ್ಲಿ, ಉಚಿತ ಆರೋಗ್ಯ ಸೇವೆ, ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳ ಎಲ್ಲ ಭಾಗಕ್ಕೂ ಅಡೆತಡೆಯಿಲ್ಲದ ಪ್ರವೇಶ, ತಪಾಸಣೆ ಮತ್ತು ಚಿಕಿತ್ಸೆಯಲ್ಲಿ ಆದ್ಯತೆ. ಅಡೆತಡೆ ಅಂದಕೂಡಲೆ ನಮಗೆ ನೆನಪಾಗೋದು ಮೆಟ್ಟಿಲು, ರ‍್ಯಾಂಪು. ಮೂರು ತಾಸು ಗದ್ದಲದ ಸಾಲಿನಲ್ಲಿ ಕೂರಲಾರದ ಹುಡುಗನಿಗೆ ಆ ಸಾಲೇ ಮೆಟ್ಟಿಲು. ಅವನನ್ನು ಮೊದಲು ಒಳಗೆ ಕರೆಯೋದು ಯಾರೋ ಮಾಡುವ ಉಪಕಾರ ಅಲ್ಲ, ಕಾನೂನು.

5. ಒಪ್ಪಿಗೆ ಯಾರದು?

18 ತುಂಬಿದ ಮೇಲೆ ತಂದೆತಾಯಿ ತಾವಾಗಿಯೇ ಕಾನೂನುಬದ್ಧ ಪಾಲಕರಾಗಿ ಉಳಿಯೋದಿಲ್ಲ. ಆಪರೇಷನ್ ಹೊತ್ತಿಗೆ ಈ ವಿಷಯ ಎದ್ದು ಬರುತ್ತದೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಪ್ರತಿ ಜಿಲ್ಲೆಯಲ್ಲಿ ಸ್ಥಳೀಯ ಮಟ್ಟದ ಸಮಿತಿ ಇರಬೇಕು. ಜಿಲ್ಲಾಧಿಕಾರಿ, ಒಂದು ನೋಂದಾಯಿತ ಸಂಸ್ಥೆಯ ಪ್ರತಿನಿಧಿ, ಒಬ್ಬ ಅಂಗವಿಕಲ ವ್ಯಕ್ತಿ ಅದರಲ್ಲಿರ್ತಾರೆ. ಪಾಲಕರನ್ನು ನೇಮಿಸೋದು ಈ ಸಮಿತಿ. ಅರ್ಜಿ ಕಲೆಕ್ಟರ್ ಕಚೇರಿಯ ಮೂಲಕವೇ ಆಗುತ್ತದೆ, ಕೋರ್ಟಿಗೆ ಅಲೆಯಬೇಕಿಲ್ಲ.

ಹಾಗಂತ ಪಾಲಕರ ಸಹಿ ಇದ್ದರೆ ಆ ವ್ಯಕ್ತಿಯನ್ನು ಕೇಳಲೇಬೇಕಿಲ್ಲ ಅಂತಲ್ಲ. 2016ರ ಕಾಯ್ದೆ ಎಲ್ಲ ಅಂಗವಿಕಲರಿಗೂ ಸಮಾನ ಕಾನೂನು ಸಾಮರ್ಥ್ಯವನ್ನು ಒಪ್ಪುತ್ತದೆ. ನಿರ್ಧಾರಕ್ಕೆ ಬೆಂಬಲ ಕೊಡಿ, ನಿರ್ಧಾರ ಕಸಿದುಕೊಳ್ಳಬೇಡಿ ಅನ್ನೋದು ಅದರ ಧ್ವನಿ. 1994ರಲ್ಲಿ ಮಹಾರಾಷ್ಟ್ರದ ಶಿರೂರಿನ ಸರ್ಕಾರಿ ವಸತಿ ಸಂಸ್ಥೆಯ ಬುದ್ಧಿಮಾಂದ್ಯ ಹೆಣ್ಣುಮಕ್ಕಳ ಗರ್ಭಕೋಶ ತೆಗೆಸಿದ್ದು ದೇಶವನ್ನೇ ಕಲಕಿತ್ತು. 2009ರಲ್ಲಿ ಸುಚಿತಾ ಶ್ರೀವಾಸ್ತವ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸೌಮ್ಯ ನ್ಯೂನತೆ ಇರುವ ಮಹಿಳೆಯ ಒಪ್ಪಿಗೆ ಇಲ್ಲದೆ ಗರ್ಭಪಾತ ಮಾಡಿಸುವಂತಿಲ್ಲ ಅಂತ ತೀರ್ಪು ಕೊಟ್ಟಿತು. "ತಿಂಗಳ ಮುಟ್ಟು ನೋಡ್ಕೊಳ್ಳಾದ್ ಆಗ್ವಲ್ದು, ಗರ್ಭಚೀಲ ತೆಗಿಸಿಬಿಡ್ರಿ" ಅನ್ನೋ ಮಾತು ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಕೇಳುತ್ತದೆ. ಹಾಗೆ ಹೇಳುವ ತಾಯಿಯ ದಣಿವು ನಿಜವಾದದ್ದು. ಆ ದಣಿವಿಗೆ ಮದ್ದು ನೆರವು, ತರಬೇತಿ. ಮಗಳ ಅಂಗ ತೆಗೆಸುವುದಲ್ಲ.

6. ಖರ್ಚಿನ ಲೆಕ್ಕ

ತೆಲಂಗಾಣದ ಆರೋಗ್ಯಶ್ರೀಯ ಮಿತಿ 2023ರ ಡಿಸೆಂಬರ್‌ನಿಂದ ಕುಟುಂಬಕ್ಕೆ 10 ಲಕ್ಷ ರೂಪಾಯಿ. ಅದು ಮುಖ್ಯವಾಗಿ ದಾಖಲಾಗಿ ಪಡೆಯುವ ಚಿಕಿತ್ಸೆಗೆ. ತೆಲಂಗಾಣ 2021ರಲ್ಲಿ ಆಯುಷ್ಮಾನ್ ಭಾರತ ಯೋಜನೆಗೂ ಸೇರಿದೆ. ಅದರ ಫಲಾನುಭವಿಗಳು ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ಚಿಕಿತ್ಸೆ ಪಡೀಬಹುದು. ಮಕ್ತಲ್‌ನಿಂದ ರಾಯಚೂರಿಗೆ ಹೋಗುವವರು ಹೊರಡುವ ಮೊದಲೇ ತಮ್ಮ ಹೆಸರು ಯಾವ ಪಟ್ಟಿಯಲ್ಲಿದೆ ಅಂತ ವಿಚಾರಿಸಿಕೊಳ್ಳೋದು ಒಳ್ಳೇದು.

ಈ ಕುಟುಂಬಗಳ ನಿಜವಾದ ಖರ್ಚು ಹೊರರೋಗಿಯಾಗಿ ಆಗುವಂಥದ್ದು: ತಿಂಗಳ ಗುಳಿಗೆ, ಥೆರಪಿ, ಹಲ್ಲು, ಓಡಾಟ. ಅದಕ್ಕೆ ಹೊಂದುವುದು ರಾಷ್ಟ್ರೀಯ ನ್ಯಾಸದ 'ನಿರಾಮಯ' ವಿಮೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ವಯಸ್ಸಿನ ಮಿತಿ ಇಲ್ಲ, ಮೊದಲೇ ವೈದ್ಯಕೀಯ ಪರೀಕ್ಷೆ ಮಾಡಿಸಬೇಕಾಗಿಲ್ಲ, ಹೊರರೋಗಿ ಖರ್ಚೂ ಥೆರಪಿಯೂ ಸೇರುತ್ತವೆ. ಬೌದ್ಧಿಕ ನ್ಯೂನತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ವೈಕಲ್ಯ ಇರುವವರಿಗೆ ಇದು. ತೊಡಕು ಅಂದರೆ ಮೊದಲು ಕೈಯಿಂದ ಖರ್ಚು ಮಾಡಿ, ಬಿಲ್ಲು ಕಳಿಸಿ, ಆಮೇಲೆ ಹಣ ಪಡೀಬೇಕು. ಬಿಲ್ಲು ಜೋಪಾನ ಮಾಡುವ ರೂಢಿ ಇಲ್ಲದ ಮನೆಯಲ್ಲಿ ಯೋಜನೆ ಕಾಗದದಲ್ಲೇ ಉಳಿಯುತ್ತದೆ. ರೈಲಿನಲ್ಲಿ, ಜೊತೆಗಾರರಿಲ್ಲದೆ ಓಡಾಡಲಾರದ ಬೌದ್ಧಿಕ ನ್ಯೂನತೆಯ ವ್ಯಕ್ತಿಗೂ ಜೊತೆಗೆ ಹೋಗುವವರಿಗೂ ಎರಡನೇ ದರ್ಜೆ ಮತ್ತು ಸ್ಲೀಪರ್‌ನಲ್ಲಿ 75 ಪ್ರತಿಶತ ರಿಯಾಯಿತಿ ಇದೆ. ಹೆಚ್ಚಿನ ಪರೀಕ್ಷೆ, ಮಾರ್ಗದರ್ಶನಕ್ಕೆ ಸಿಕಂದರಾಬಾದಿನಲ್ಲಿ 1984ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಥೆ ಇದೆ. ಅದರ ಈಗಿನ ಹೆಸರು ಎನ್‌ಐಇಪಿಐಡಿ. ಮನೆಯವರ ಮನಸ್ಸಿನ ಒತ್ತಡಕ್ಕೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೂ ಮಾತಾಡಬಹುದು.

7. ಒಂದು ಹಾಳೆ

ಇಷ್ಟೆಲ್ಲದರ ನಡುವೆ ನಾವು ಮಾಡಬಹುದಾದ ಸಣ್ಣ ಕೆಲಸ ಒಂದಿದೆ. ಬ್ರಿಟನ್ನಿನಲ್ಲಿ 'ಹಾಸ್ಪಿಟಲ್ ಪಾಸ್‌ಪೋರ್ಟ್' ಅನ್ನೋದು ಬಳಕೆಯಲ್ಲಿದೆ. ರೋಗಿಯ ಬಗ್ಗೆ ಗೊತ್ತಿರಲೇಬೇಕಾದ್ದನ್ನು ಮೊದಲೇ ಬರೆದಿಟ್ಟ ಹಾಳೆ ಅದು. ನಮ್ಮ ಗಡಿಗೆ ಅದನ್ನು ಒಂದು ಬದಿ ಕನ್ನಡ, ಒಂದು ಬದಿ ತೆಲುಗು ಮಾಡಿ ಇಡಬೇಕು. ಏನೇನು ಬರೀಬೇಕು?

ಹೆಸರು, ಕರೆದರೆ ತಿರುಗುವ ಮನೆಯ ಹೆಸರು, ಯುಡಿಐಡಿ ಸಂಖ್ಯೆ. ಯಾವ ಮಾತು ಅರ್ಥವಾಗುತ್ತದೆ, ಹೌದು–ಇಲ್ಲ ಹೇಗೆ ತೋರಿಸ್ತಾರೆ. ನೋವಾದರೆ ಏನು ಮಾಡ್ತಾರೆ: ಕಿವಿ ಹಿಡಿತಾರಾ, ಮಂಡಿ ಮಡಚಿ ಮಲಗ್ತಾರಾ, ಸುಮ್ಮನಾಗಿಬಿಡ್ತಾರಾ. ಫಿಟ್ಸ್ ಇದ್ದರೆ ಕೊನೆಯದಾಗಿ ಯಾವಾಗ ಬಂತು, ಎಷ್ಟು ಹೊತ್ತು ಇತ್ತು. ಗುಳಿಗೆಗಳು, ಕಂಪನಿ ಹೆಸರಿನ ಜೊತೆಗೆ ಮೂಲ ಔಷಧದ ಹೆಸರು, ಪ್ರಮಾಣ, ಹೊತ್ತು. ರಾಯಚೂರಿನಲ್ಲಿ ಬರೆದ ಚೀಟಿಗೆ ಮಕ್ತಲ್‌ನಲ್ಲಿ ಗುಳಿಗೆ ಸಿಗಬೇಕಾದರೆ ಇದು ಬೇಕೇ ಬೇಕು. ಯಾವುದಕ್ಕೆ ಹೆದರ್ತಾರೆ, ಯಾವುದರಿಂದ ಸಮಾಧಾನ ಆಗ್ತಾರೆ. ಊಟ ಮೆತ್ತಗೆ ಬೇಕಾ. ಜೊತೆಗೆ ಬಂದವರು ಯಾರು, ಫೋನ್ ನಂಬರು. ಕೊನೆಗೆ ಒಂದೇ ವಾಕ್ಯ: "ಇದು ಇವರ ಎಂದಿನ ನಡವಳಿಕೆ ಅಲ್ಲ, ದಯವಿಟ್ಟು ನೋವು ಹುಡುಕಿ." ತಾಯಿಗೆ ಓದಲು ಬಾರದಿದ್ದರೂ ಈ ಹಾಳೆ ಅವಳ ಪರವಾಗಿ ಮಾತಾಡುತ್ತದೆ.

ಚರ್ಚೆಯಿಂದ

ಒಬ್ಬ ಅಧ್ಯಾಪಕರು ಕೇಳಿದರು: "ನೀವು ಭಾಷೆಗೆ ಬಹಳ ಒತ್ತು ಕೊಟ್ಟಿರಿ. ಮೂಲ ಸಮಸ್ಯೆ ತಜ್ಞರ ಕೊರತೆ ಅಲ್ಲವೇ?"

ಹೌದು ಸರ್, ಕೊರತೆ ಇದೆ. ನಾರಾಯಣಪೇಟೆ, ಗದ್ವಾಲ್ ಎರಡರಲ್ಲೂ 2024ರಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿಗೆ ಅನುಮತಿ ಸಿಕ್ಕಿದೆ. ತಜ್ಞರು ಬರುವ ದಾರಿ ತೆರೆದಿದೆ. ಆದರೆ ತಜ್ಞರು ಬಂದ ದಿನವೂ ತಾಯಿಯ ಉತ್ತರ ಅವರಿಗೆ ಅರ್ಥವಾಗದಿದ್ದರೆ ಅಳತೆ ತಪ್ಪೇ. ಮೌಲ್ಯಮಾಪನದ ದಿನ ಕನ್ನಡ ಬಲ್ಲ ಒಬ್ಬ ಶಿಕ್ಷಕಿಯೋ ಆಶಾ ಕಾರ್ಯಕರ್ತೆಯೋ ಪಕ್ಕದಲ್ಲಿ ಕೂತರೆ ಸಾಕು. ಅದಕ್ಕೆ ಹೊಸ ಹುದ್ದೆ ಬೇಕಿಲ್ಲ.

ಸಹಪಾಠಿಯೊಬ್ಬರ ಪ್ರಶ್ನೆ: "ಹಾಳೆ ಯಾಕೆ, ಮೊಬೈಲ್ ಆ್ಯಪ್ ಮಾಡಬಹುದಲ್ಲ?"

ಮಾಡಬಹುದು. ಆದರೆ ಮನೆಯ ಮೊಬೈಲು ಹಗಲಲ್ಲಿ ದುಡಿಯೋಕೆ ಹೋದವರ ಜೇಬಿನಲ್ಲಿ ಇರುತ್ತದೆ. ಫಿಟ್ಸ್ ಬಂದ ಹುಡುಗನನ್ನು ಆಟೋದಲ್ಲಿ ಹಾಕಿಕೊಂಡು ಓಡುವವಳು ಅಜ್ಜಿಯೋ ತಂಗಿಯೋ. ಅವರ ಕೈಗೆ ಸಿಗಬೇಕಾದ್ದು ಗೋಡೆಯ ಮೊಳೆಗೆ ತೂಗುಹಾಕಿದ ಚೀಲ, ಅದರೊಳಗಿನ ಹಾಳೆ.

ಕೊನೆಯ ಪ್ರಶ್ನೆ ಗದ್ವಾಲ್ ಕಡೆಯಿಂದ ಸೇರಿದ್ದ ಒಬ್ಬ ತಾಯಿಯದು: "ನಾನಿರೋ ತನಕ ನಡೀತದಪ್ಪ. ನನ್ನ ಹಿಂದ ಯಾರು?"

ಅಮ್ಮಾ, ಇದಕ್ಕೆ ಪೂರ್ತಿ ಉತ್ತರ ಯಾವ ಯೋಜನೆಯಲ್ಲೂ ಇಲ್ಲ. ಆದರೆ ನೀವು ಗಟ್ಟಿಯಾಗಿರುವಾಗಲೇ ಮಾಡಬೇಕಾದ ಮೂರು ಕೆಲಸ ಇವೆ. ಮಗನಿಗೆ 18 ಆಗಿದ್ದರೆ ಕಲೆಕ್ಟರ್ ಕಚೇರಿಯಲ್ಲಿ ಪಾಲಕರ ಅರ್ಜಿ ಹಾಕಿ. ಅರ್ಜಿಯಲ್ಲಿ ನಿಮ್ಮ ಜೊತೆಗೆ ಅಕ್ಕನೋ ಅಣ್ಣನೋ, ಅವನನ್ನು ನೋಡಿಕೊಳ್ಳುವ ಮನಸ್ಸಿರುವ ಒಬ್ಬರ ಹೆಸರು ಇರಲಿ. ಮುಂದಿನ ಸಲ ದವಾಖಾನೆಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ಡಾಕ್ಟರಿಗೆ ಅವರ ಮುಖ ಪರಿಚಯ ಆಗಲಿ, ಅವರಿಗೆ ಗುಳಿಗೆಯ ಪರಿಚಯ ಆಗಲಿ. ಮೂರನೆಯದು ಆ ಹಾಳೆ. ನಿಮ್ಮ ಮಗನಿಗೆ ಹೊಟ್ಟೆ ನೋಯ್ತಿದೆಯೋ ಹಲ್ಲು ನೋಯ್ತಿದೆಯೋ ಅಂತ ಇವತ್ತು ಗೊತ್ತಿರೋದು ನಿಮಗೊಬ್ಬರಿಗೇ. ನಾಳೆ ಬೆಳಿಗ್ಗೆ ಅದನ್ನು ಯಾರ ಹತ್ತಿರವಾದರೂ ಬರೆಸಿ ಇಡಿ.